ಸಂಪಾದಕರ ಉತ್ತರ: ಕಾವಲು ಕಮ್ಮಿಯಾಗಿಲ್ಲ, ಗುರುತು ತಪ್ಪಿದೆ

ಅರಸೀಕೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಅಂದಿದ್ದಾರೆ. ವಯಸ್ಸು 41. ಆರು ತಿಂಗಳಿಂದ ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲು ಆಗುವುದಿಲ್ಲವಂತೆ. ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್, ಆಟೋಇಮ್ಯೂನ್ ಕಾಯಿಲೆ ಅಂದರು. ಅತ್ತೆ, ತಣ್ಣೀರಲ್ಲಿ ಪಾತ್ರೆ ತೊಳೆದಿದ್ದಕ್ಕೆ ಅಂದರು. ಪಕ್ಕದ ಮನೆಯವರು ಇಮ್ಯುನಿಟಿ ಕಮ್ಮಿಯಾಗಿದೆ, ಅಮೃತಬಳ್ಳಿ ಕಷಾಯ ಕುಡಿ ಅಂದರು. ಯಾವುದು ನಿಜ, ಮಗಳಿಗೂ ಬರುತ್ತಾ, ಈ ಸಲ ಅಷ್ಟಮಿಗೆ ಚಕ್ಕುಲಿ ಒತ್ತಬಹುದಾ ಅಂತ ಕೇಳಿದ್ದಾರೆ.

ನೋಡಿ, ನಾನು ಡಾಕ್ಟರಲ್ಲ. ಆದರೆ ನಮ್ಮಕ್ಕನಿಗೆ ಇದೇ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಹಾಗಾಗಿ ನಿಮ್ಮ ಪತ್ರದಲ್ಲಿ ‘ಬೆರಳು ಮಡಚಲು ಆಗುವುದಿಲ್ಲ’ ಅನ್ನುವ ಸಾಲು ಓದಿದ ಕೂಡಲೇ ಕಣ್ಣ ಮುಂದೆ ಬಂದದ್ದು ಅವಳ ಕಾಫಿ ಲೋಟ. ಬೆಳಿಗ್ಗೆ ಅದನ್ನು ಕುಡಿಯುತ್ತಿರಲಿಲ್ಲ, ಎರಡೂ ಅಂಗೈಯಲ್ಲಿ ಬಿಸಿಗೆ ಹಿಡಿದುಕೊಂಡು ಸುಮ್ನೆ ಕೂತಿರುತ್ತಿದ್ದಳು. ಒಂದು ಗಂಟೆ ಕಳೆದ ಮೇಲೆ ಬೆರಳು ಸಡಿಲವಾಗುತ್ತಿದ್ದವು, ಆಗ ಕಾಫಿ ಆರಿರುತ್ತಿತ್ತು.

ಈ ಬೆಳಗಿನ ಬಿಗಿತವೇ ದೊಡ್ಡ ಸುಳಿವು. ವಯಸ್ಸಾಗಿ ಸವೆದ ಮಂಡಿ ನಡೆದಷ್ಟೂ ನೋಯುತ್ತದೆ, ಕೂತರೆ ಆರಾಮು. ಇದು ಹಾಗಲ್ಲ. ಮಲಗಿ ಎದ್ದಾಗಲೇ ಜಾಸ್ತಿ, ಕೈಯಾಡಿಸಿದರೆ ಕಮ್ಮಿ. ಸಾಮಾನ್ಯವಾಗಿ ಎರಡೂ ಕೈಗೆ ಒಟ್ಟಿಗೇ ಬರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ತಣ್ಣೀರಿನಿಂದ ಬರುವುದಲ್ಲ. ಚಳಿಗೆ ನೋವು ಜೋರಾದಂತೆ ಅನಿಸಬಹುದು, ಅದರಿಂದಲೇ ಅತ್ತೆ ಹಾಗಂದಿರಬೇಕು, ಅವರ ಮೇಲೆ ಸಿಟ್ಟು ಬೇಡ.

ಇನ್ನು ಇಮ್ಯುನಿಟಿ ಮಾತು. ಇಲ್ಲೇ ಎಲ್ಲರೂ ಎಡವುವುದು. ಇಮ್ಯುನಿಟಿ ಅಂದರೆ ಮೈಯ ಕಾವಲು ಪಡೆ, ನಿಮ್ಮದು ಸೊರಗಿಲ್ಲ. ಮೈತುಂಬ ಕೆಲಸ ಮಾಡುತ್ತಿದೆ, ಆದರೆ ಗುರುತು ತಪ್ಪಿದೆ. ಕೀಲುಗಳ ಒಳಗೆ ಒಂದು ತೆಳು ಪೊರೆ ಇರುತ್ತದೆ. ಅದನ್ನು ಹೊರಗಿನಿಂದ ಬಂದ ಶತ್ರು ಅಂದುಕೊಂಡು ಈ ಪಡೆ ಮೇಲೆ ಬೀಳುತ್ತದೆ. ಆಟೋಇಮ್ಯೂನ್ ಅಂದರೆ ಇದೇ. ಪೊರೆ ಊದಿ ದಪ್ಪವಾಗುತ್ತದೆ, ಬಿಟ್ಟರೆ ಪಕ್ಕದ ಮೂಳೆಯನ್ನೂ ಕೊರೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತ ಹೇಳಿ ಮುಗಿಸಬಹುದಿತ್ತು, ಆದರೆ ಬೇಲಿ ಯಾಕೆ ಎದ್ದಿತು ಅನ್ನುವುದಲ್ವಾ ಪ್ರಶ್ನೆ? ಕಾವಲಿನ ಕಣಗಳಲ್ಲಿ ಟಿ ಕಣ ಅಂತ ಒಂದು ಬಗೆ. ಸ್ವಂತ ಮೈಯನ್ನೇ ಕಚ್ಚುವಂಥವನ್ನು ಎದೆಯೊಳಗಿನ ಥೈಮಸ್ ಗ್ರಂಥಿ ಮೊದಲೇ ಸೋಸಿ ತೆಗೆಯುತ್ತದೆ. ಕೆಲವು ನುಸುಳಿಬಿಡುತ್ತವೆ. ಅಂಥವನ್ನು ಹದ್ದುಬಸ್ತಿನಲ್ಲಿಡಲು ಬೇರೆಯದೇ ಟಿ ಕಣಗಳಿವೆ ಅಂತ ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ತೋರಿಸಿದರು. ಆಗ ಬಹಳ ಜನ ನಂಬಲಿಲ್ಲ. 2025ರ ವೈದ್ಯಕೀಯ ನೊಬೆಲ್ ಅವರಿಗೂ ಅಮೆರಿಕದ ಇಬ್ಬರಿಗೂ ಬಂದದ್ದು ಇದೇ ಕೆಲಸಕ್ಕೆ. ಈ ಹತೋಟಿ ಎಲ್ಲಿ ತಪ್ಪುತ್ತದೋ ಅದರ ಮೇಲೆ ಕಾಯಿಲೆಯ ಹೆಸರು. ಥೈರಾಯ್ಡ್ ಮೇಲೆ ಬಿದ್ದರೆ ಹಶಿಮೊಟೊ, ಚರ್ಮದ ಬಣ್ಣದ ಕಣಗಳ ಮೇಲೆ ಬಿದ್ದರೆ ತೊನ್ನು, ಇನ್ಸುಲಿನ್ ತಯಾರಿಸುವ ಕಣಗಳ ಮೇಲೆ ಬಿದ್ದರೆ ಟೈಪ್ 1 ಸಕ್ಕರೆ ಕಾಯಿಲೆ. ಯಾವುದೂ ಅಂಟುವುದಿಲ್ಲ.

ಹಾಗಾಗಿ ಇಮ್ಯುನಿಟಿ ಹೆಚ್ಚಿಸುತ್ತೇವೆ ಅನ್ನುವ ಪುಡಿ, ಕಷಾಯ ಯಾವುದೂ ನಿಮಗಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಜಗಳ ಅವರದಿರಲಿ, ನೀವು ಮಾತ್ರ ಡಾಕ್ಟರನ್ನು ಕೇಳದೆ ಕುಡಿಯಬೇಡಿ.

ಡಾಕ್ಟರು ಯಾವ ಮಾತ್ರೆ ಕೊಟ್ಟರು ಅಂತ ನೀವು ಬರೆದಿಲ್ಲ. ಮೆಥೊಟ್ರೆಕ್ಸೇಟ್ ಆಗಿದ್ದರೆ ದಯವಿಟ್ಟು ಗಮನಿಸಿ, ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಬರುತ್ತದೆ. ನಮ್ಮಕ್ಕನಿಗೆ ಒಂದು ಔಷಧಿ ಅಂಗಡಿಯಲ್ಲಿ ‘ದಿನಕ್ಕೆ 1’ ಅಂತ ಗೀಚಿ ಕೊಟ್ಟಿದ್ದರು, ಭಾವ ಚೀಟಿ ತೆಗೆದು ನೋಡಿದ್ದರಿಂದ ಬಚಾವು. ಅವತ್ತಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಮಾತ್ರ ಕೆಂಪು ಸುತ್ತು. ಈ ಮಾತ್ರೆ ನೋವಿನ ಮಾತ್ರೆಯಂತಲ್ಲ, ಗುಣ ಕಾಣಲು ಒಂದೂವರೆಯಿಂದ ಮೂರು ತಿಂಗಳು ಹಿಡಿಯಬಹುದು. ಮೂರನೇ ವಾರಕ್ಕೇ ‘ಏನೂ ಆಗ್ತಿಲ್ಲ’ ಅಂತ ಬಿಟ್ಟುಬಿಡಬೇಡಿ. ಹೇಳಿದಾಗೆಲ್ಲ ರಕ್ತ ಪರೀಕ್ಷೆ ಮಾಡಿಸಿ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿ, ಬಸುರಿನಲ್ಲಿ ಈ ಮಾತ್ರೆ ಕೂಡದು.

ಮಗಳಿಗೆ? ಬರುವ ಸಂಭವ ಬೇರೆ ಮಕ್ಕಳಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದೇ ರೂಪದ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಾರದಿರುವುದೇ ಹೆಚ್ಚು. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ನಿಲ್ಲಿಸಲು ಹೇಳಿ, ಹೊಗೆ ಈ ಕಾಯಿಲೆಗೆ ದಾರಿ ಮಾಡಿಕೊಡುತ್ತದೆ.

ಚಕ್ಕುಲಿಗೆ ಬರೋಣ. ಕೈ ಊದಿ ಬಿಸಿಯಾಗಿರುವ ದಿನ ಒರಳು ಮುಟ್ಟಬೇಡಿ. ಊತ ಇಳಿದಿದ್ದರೆ ಹಿಟ್ಟು ಕಲಸಿ, ಬೆರಳಿಗೂ ಒಳ್ಳೆಯದು. ಒತ್ತುವ ಕೆಲಸ ಮಗಳಿಗೋ ಯಜಮಾನರಿಗೋ ಕೊಡಿ. ನಮ್ಮ ಭಾವ ಒತ್ತಿದ ಚಕ್ಕುಲಿಯಲ್ಲಿ ಒಂದೂ ದುಂಡಗಿರುವುದಿಲ್ಲ, ತಿನ್ನಲು ಏನೂ ತೊಂದರೆಯಿಲ್ಲ.