ಕಲಬುರಗಿಯಲ್ಲಿ ಬಿಎಸ್ಸಿ ನರ್ಸಿಂಗ್ ಸೇರಿದ್ದೇನೆ, ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮೊದಲ ಸೆಮಿಸ್ಟರ್ ಹೇಗೆ ದಾಟುವುದು?

ಅನಾಟಮಿಯಲ್ಲಿ (ದೇಹರಚನೆಯ ಪಾಠ) ಕಷ್ಟ ಕೊಡೋದು ಪದಗಳು. ಒಡೆದು ಓದಿ: ‘ಹೆಪಾಟ್’ ಅಂದರೆ ಯಕೃತ್ತು, ‘ಐಟಿಸ್’ ಅಂದರೆ ಉರಿಯೂತ. ದಿನಕ್ಕೆ ಹತ್ತು ಪದ ಸಾಕು. ಚಿತ್ರಗಳನ್ನು ನೋಡದೆ ಬರೆದು, ಭಾಗ ಗುರುತಿಸಿ.

ವಾರ್ಡಿನಲ್ಲಿ ನಾಡಿಯನ್ನು ಹೆಬ್ಬೆರಳಿನಿಂದ ಹಿಡಿಯಬೇಡಿ, ನಿಮ್ಮದೇ ಬಡಿತ ಎಣಿಸಿಬಿಡ್ತೀರಿ. ತೋರು, ನಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. ಆಮೇಲೆ ಕೈ ಬಿಡದೆ, ಹೇಳದೆ, ಉಸಿರಾಟ ಎಣಿಸಿ. ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ತೋಳಿಗೆ ಸುತ್ತುವ ಬಿಪಿ ಪಟ್ಟಿ (ಕಫ್) ಚಿಕ್ಕದಾದರೆ ರೀಡಿಂಗ್ ಹೆಚ್ಚು ಬರುತ್ತದೆ.

ಆಳಂದ, ಸೇಡಂ ಕಡೆಯ ಹಿರಿಯರು ‘ಹೊಟ್ಟಿ ಬ್ಯಾನಿ’ (ಹೊಟ್ಟೆನೋವು) ಅಂದರೆ ಎಲ್ಲಿ, ಯಾವಾಗಿನಿಂದ ಅಂತ ಅವರ ಮಾತಲ್ಲೇ ಕೇಳಿ. ಉರ್ದುವಿನ ನಾಲ್ಕು ಪ್ರಶ್ನೆಯೂ ಕಲಿತಿರಿ, ನಿಜಕ್ಕೂ ಬೇಕಾಗುತ್ತದೆ.

ಥಿಯರಿ ಹಾಜರಿ ಶೇ. 80ಕ್ಕಿಂತ ಕೆಳಗಿಳಿಸಬೇಡಿ, ಪರೀಕ್ಷೆಗೇ ಕೂರಿಸುವುದಿಲ್ಲ.