ತೆಳು ಅಡಿಯ ಓಟದ ಶೂ ಎಷ್ಟು ದೂರ ಬಾಳುತ್ತದೆ?

ಪ್ರಶ್ನೆ: ಕಳೆದ ಯುಗಾದಿಯ ಹೊತ್ತಿಗೆ, ಬರಿಗಾಲಿನಲ್ಲಿ ಓಡಿದಂತೆಯೇ ಇರುತ್ತದೆ ಎನ್ನುವ ತೆಳು ಅಡಿಯ ಓಟದ ಶೂ ಕೊಂಡೆ. ವಾರಕ್ಕೆ ನಾಲ್ಕು ದಿನ, ಹೆಚ್ಚಾಗಿ ಕುಕ್ಕರಹಳ್ಳಿ ಕೆರೆಯ ಸುತ್ತಲಿನ ಮಣ್ಣಿನ ದಾರಿಯಲ್ಲಿ, ಭಾನುವಾರ ಮಾತ್ರ ಡಾಂಬರು ರಸ್ತೆಯಲ್ಲಿ ಓಡುತ್ತೇನೆ. ಮೊಬೈಲಿನ ಲೆಕ್ಕದಂತೆ ಈಗ 720 ಕಿ.ಮೀ. ಆಗಿದೆ. 600 ಕಿ.ಮೀ. ದಾಟಿದ ಮೇಲೆ ಯಾವ ಓಟದ ಶೂವನ್ನೂ ಹಾಕಬಾರದು, ಮೊಣಕಾಲು ಹಾಳಾಗುತ್ತದೆ ಎಂದು ಅಂಗಡಿಯವರು ಹೇಳಿದರು. ನನ್ನ ಶೂವಿನ ಅಡಿ ಕಿರುಬೆರಳಿನ ಬುಡದಲ್ಲಿ ಸವೆದಿರುವುದು ಬಿಟ್ಟರೆ ಚೆನ್ನಾಗಿಯೇ ಇದೆ. ಭಾನುವಾರದ ಓಟವನ್ನು ಹೋದ ತಿಂಗಳು 8 ಕಿ.ಮೀ.ಯಿಂದ 14 ಕಿ.ಮೀ.ಗೆ ಏರಿಸಿದ ಮೇಲೆ ಮೀನಖಂಡ ಬಿಗಿಯುತ್ತಿದೆ. ಇದು ಶೂ ಸವೆದದ್ದರಿಂದಲೇ? ಬೇರೆ ಶೂ ಕೊಳ್ಳಬೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಅಂಗಡಿಯವರು ಹೇಳಿದ ಲೆಕ್ಕ ಸುಳ್ಳಲ್ಲ, ಆದರೆ ಅದು ನಿಮ್ಮ ಶೂವಿಗೆ ಅನ್ವಯಿಸುವ ಲೆಕ್ಕವಲ್ಲ. ಸಾಮಾನ್ಯ ಓಟದ ಶೂವಿನಲ್ಲಿ ಕೆಳಗಿನ ರಬ್ಬರಿಗೂ ಕಾಲಿಗೂ ನಡುವೆ ಎರಡು ಮೂರು ಸೆಂಟಿಮೀಟರ್ ದಪ್ಪದ ಫೋಮ್ ಇರುತ್ತದೆ. ಗಾಳಿ ತುಂಬಿದ ಸಣ್ಣ ಸಣ್ಣ ಗುಳ್ಳೆಗಳಿಂದಾದ ಈ ಫೋಮ್ ಪ್ರತಿ ಹೆಜ್ಜೆಗೂ ಅದುಮಿ ಮತ್ತೆ ಉಬ್ಬಬೇಕು. ಲಕ್ಷಾಂತರ ಹೆಜ್ಜೆಗಳ ನಂತರ ಗುಳ್ಳೆಗಳು ಮುದುಡಿ, ಮೊದಲಿನಂತೆ ಪುಟಿಯುವುದನ್ನು ನಿಲ್ಲಿಸುತ್ತವೆ. ಹೊರಗಿನಿಂದ ನೋಡಿದರೆ ಶೂ ಹೊಸದರಂತೆಯೇ ಕಾಣುವುದರಿಂದ ಒಳಗೆ ಫೋಮ್ ಸತ್ತಿರುವುದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದಲೇ 500ರಿಂದ 800 ಕಿ.ಮೀ. ಎಂಬ ಅಂದಾಜು ರೂಢಿಗೆ ಬಂದಿದೆ.

ನಿಮ್ಮ ಶೂವಿನಲ್ಲಿ ಆ ಫೋಮೇ ಇಲ್ಲ. ಮೂರರಿಂದ ಆರು ಮಿಲಿಮೀಟರ್ ದಪ್ಪದ ರಬ್ಬರ್, ಅದರ ಮೇಲೊಂದು ತೆಳುವಾದ ಹಾಸು, ಮೇಲೆ ಬಟ್ಟೆ ಇಷ್ಟೇ ಇರುವ ಶೂವಿನಲ್ಲಿ ಕಳೆದುಕೊಳ್ಳಲು ಮೆತ್ತನೆಯೆಂಬುದು ಮೊದಲಿನಿಂದಲೂ ಇರಲಿಲ್ಲ. ರಬ್ಬರ್ ಅದುಮುವುದರಿಂದ ಹಾಳಾಗುವುದು ಕಡಿಮೆ, ಉಜ್ಜುವುದರಿಂದ ಸವೆಯುವುದು ಹೆಚ್ಚು. ಮೆಕ್ಸಿಕೋದ ಚಿವಾವಾ ಪ್ರಾಂತ್ಯದ ಕಣಿವೆಗಳಲ್ಲಿರುವ ರಾರಾಮುರಿ ಜನರು ಹಳೆಯ ಟೈರನ್ನು ಕತ್ತರಿಸಿ ಮಾಡಿದ ಚಪ್ಪಲಿಯಲ್ಲಿ ಗುಡ್ಡಗಾಡಿನ ದೂರದ ಓಟಗಳನ್ನು ಓಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಟೈರ್ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದವರಿಗೂ ಆ ಅಡಿ ವರ್ಷಗಟ್ಟಲೆ ಬಂದದ್ದು ನೆನಪಿರುತ್ತದೆ. ಹಾಗಾಗಿ ಮಣ್ಣಿನ ದಾರಿಯಲ್ಲೇ ಹೆಚ್ಚು ಓಡುವ ನಿಮಗೆ ಅಡಿ 1,000 ಕಿ.ಮೀ. ದಾಟಿ ಬಂದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಒರಟು ಡಾಂಬರು ಮತ್ತು ಕಾಂಕ್ರೀಟಿನಲ್ಲೇ ಓಡುವವರಿಗೆ ಅದೇ ಶೂ ಇದಕ್ಕಿಂತ ಬೇಗ ಸವೆಯುತ್ತದೆ.

ಕಿಲೋಮೀಟರ್ ಎಣಿಸುವ ಬದಲು ಶೂವನ್ನು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ತೆಳು ಅಡಿಯ ಶೂ ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ, ಅದರ ಜೊತೆಗೆ ನೀವು ಹೇಗೆ ಓಡುತ್ತೀರಿ ಎಂಬುದನ್ನೂ ತೋರಿಸಿಕೊಡುತ್ತದೆ. ಕಿರುಬೆರಳಿನ ಬುಡದಲ್ಲಿ ಸವೆದಿದೆ ಎಂದು ಬರೆದಿದ್ದೀರಿ. ಅದು ದೋಷವಲ್ಲ. ಬರಿಗಾಲಿನಲ್ಲಿ ಓಡಿ ರೂಢಿಯಾದವರು ಸಾಮಾನ್ಯವಾಗಿ ಹಿಮ್ಮಡಿಗಿಂತ ಮೊದಲು ಮುಂಗಾಲನ್ನೇ ಊರುತ್ತಾರೆ ಎಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಾಗೆ ಊರುವಾಗ ಮೊದಲು ನೆಲ ಮುಟ್ಟುವುದು ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಬುಡ. ಅಲ್ಲಿಯೇ ಮೊದಲು ಸವೆಯಬೇಕು. ಬೆರಳ ತುದಿಯಲ್ಲಿ ಸವೆದಿದ್ದರೆ ಕಾಲನ್ನು ಎತ್ತುವ ಬದಲು ನೆಲವನ್ನು ಹಿಂದಕ್ಕೆ ಕೆರೆದು ತಳ್ಳುತ್ತಿದ್ದೀರಿ ಎಂದು ತಿಳಿಯಬೇಕು. ಹಿಮ್ಮಡಿಯ ಹೊರ ಅಂಚು ಸವೆದಿದ್ದರೆ ನಾನು ನಿಜಕ್ಕೂ ಚಿಂತಿಸುತ್ತೇನೆ. ಮೆತ್ತನೆಯೇ ಇಲ್ಲದ ಶೂವಿನಲ್ಲಿ ಕಾಲನ್ನು ದೂರ ಚಾಚಿ ಹಿಮ್ಮಡಿಯಿಂದ ಬಡಿದು ಓಡುವವರು ಶೂ ಬದಲಾಯಿಸುವುದಕ್ಕಿಂತ ಮೊದಲು ಹೆಜ್ಜೆಯನ್ನು ಚಿಕ್ಕದು ಮಾಡಿಕೊಳ್ಳಬೇಕು.

ಹಾಗಾದರೆ ಯಾವಾಗ ಬಿಡಬೇಕು? ನನ್ನದೊಂದು ಜೊತೆಯ ಕಥೆ ಹೇಳುತ್ತೇನೆ. ಬಲಗಾಲಿನ ಶೂವಿನ ಅಡಿಯ ಗೀರುಗಳು ಅಳಿಸಿಹೋದ ಮೇಲೂ ಅದನ್ನು ಬಹಳ ದಿನ ಹಾಕಿಕೊಂಡೆ, ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಕಿರುಬೆರಳಿನ ಬುಡದಲ್ಲಿ ಮಾತ್ರ ಜಲ್ಲಿಯ ಚೂರುಗಳು ಚುಚ್ಚತೊಡಗಿದವು. ಮನೆಗೆ ಬಂದು ಒಳಗೆ ಬೆರಳಿಟ್ಟು ಹೊರಗಿನಿಂದ ಹೆಬ್ಬೆರಳಿನಲ್ಲಿ ಒತ್ತಿದರೆ, ಎಂಟಾಣೆ ನಾಣ್ಯದಷ್ಟು ಜಾಗ ಹಳೆಯ ಸೈಕಲ್ ಟ್ಯೂಬಿನಂತೆ ಬಳುಕಿತು, ಕಪ್ಪು ರಬ್ಬರಿನ ನಡುವೆ ಒಳಪದರದ ಬೂದು ನೇಯ್ಗೆ ಇಣುಕುತ್ತಿತ್ತು. ಬಿಡಬೇಕಾದ ಹೊತ್ತು ಅದೇ. ಗೀರುಗಳು ಅಳಿಸಿದವೆಂದು ಒಣ ನೆಲದಲ್ಲಿ ಓಡುವವರು ಶೂ ಬಿಸಾಡಬೇಕಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲುಹಾಸಿನ ಮೇಲೆ ಓಡುವವರು ಮಾತ್ರ ಬೇಗ ಬದಲಾಯಿಸುವುದು ಒಳ್ಳೆಯದು. ಎಷ್ಟೋ ವೇಳೆ ಅಡಿ ಗಟ್ಟಿಯಾಗಿರುವಾಗಲೇ ಹೆಬ್ಬೆರಳಿನ ಉಗುರು ತಾಗುವ ಕಡೆ ಬಟ್ಟೆ ಹರಿಯುತ್ತದೆ. ಬೆರಳಿಗೊಂದು ಕೋಶವಿರುವ ವೈಬ್ರಂ ಫೈವ್‌ಫಿಂಗರ್ಸ್ ತರಹದ ಶೂಗಳಲ್ಲಿ ಬೆರಳ ಸಂದಿಯ ಹೊಲಿಗೆಯ ಮೇಲೆ ಒಂದು ಕಣ್ಣಿಡಬೇಕು.

ಇನ್ನೊಂದು ಮಾತು. ‘ಮಿನಿಮಲ್’ ಎಂಬ ಹೆಸರಿನಲ್ಲಿ ಮಾರುವ ಕೆಲವು ಶೂಗಳಲ್ಲಿ ಒಂದು ಸೆಂಟಿಮೀಟರಿನಷ್ಟು ಫೋಮ್ ಇರುತ್ತದೆ. ಅಂಥದಕ್ಕೆ ಅಂಗಡಿಯವರ ಲೆಕ್ಕವೇ ಸರಿ. ನಿಮ್ಮದನ್ನು ಚಪಾತಿಯಂತೆ ಸುರುಳಿ ಸುತ್ತಲು ಬರುವುದಾದರೆ ಆ ಚಿಂತೆ ಬೇಡ.

ಮೀನಖಂಡದ ಬಿಗಿತಕ್ಕೆ ಸವೆದ ರಬ್ಬರ್ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಮುಂಗಾಲೂರಿ ಓಡುವಾಗ ಹೊರೆ ಮೊಣಕಾಲಿನಿಂದ ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜಿಗೂ ಇಳಿಯುತ್ತದೆ, ನೀವಾದರೋ ಭಾನುವಾರದ ದೂರವನ್ನು ಒಂದೇ ತಿಂಗಳಲ್ಲಿ ಮುಕ್ಕಾಲು ಪಾಲು ಏರಿಸಿದ್ದೀರಿ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರಗಳಲ್ಲಿ ಇಂಥ ಶೂವಿಗೆ ಬದಲಾದ 19 ಓಟಗಾರರಲ್ಲಿ 10 ಮಂದಿಯ ಪಾದದ ಮೂಳೆಯ ಮಜ್ಜೆಯಲ್ಲಿ ಊತ ಹೆಚ್ಚಿದ್ದು ಕಂಡುಬಂದಿತ್ತು. ಕಾಲಿಗೆ ಸಮಯ ಕೊಡಬೇಕೆಂದು ನಾನು ಕಳಕಳಿಯಿಂದ ಹೇಳುವುದು ಅದಕ್ಕಾಗಿಯೇ. ಮತ್ತೆ 8 ಕಿ.ಮೀ.ಗೆ ಇಳಿಸಿ, ಬಿಗಿತ ಹೋದ ಮೇಲೆ ಎರಡು ವಾರಕ್ಕೊಮ್ಮೆ ಒಂದೊಂದು ಕಿ.ಮೀ. ಸೇರಿಸಿ. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸುವಷ್ಟು ಒಂದೇ ಕಡೆ ನೋವು ಬಂದರೆ ಮಾತ್ರ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಶೂ ಸದ್ಯಕ್ಕೆ ಅದೇ ಇರಲಿ.

ಪ್ರಶ್ನೆ: ಇಂಥದೇ ಶೂ ನನ್ನದು. ಮಳೆಯಲ್ಲಿ ನೆನೆದದ್ದನ್ನು ಬಿಸಿಲಿನಲ್ಲಿ ಒಣಗಿಸಿದೆ, ಈಗ ಬೆರಳಿನ ಕಡೆ ಅಡಿ ಬಾಯಿಬಿಟ್ಟಿದೆ. ಹೊಲಿಸಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಹೊಲಿಸಬೇಡಿ. ಇಷ್ಟು ತೆಳುವಾದ ರಬ್ಬರಿನಲ್ಲಿ ಸೂಜಿಯ ತೂತುಗಳ ಸಾಲಿನ ಗುಂಟವೇ ಮುಂದೆ ಹರಿಯುತ್ತದೆ. ಎರಡೂ ಕಡೆಯ ಹಳೆಯ ಅಂಟನ್ನು ಉಪ್ಪುಕಾಗದದಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟನ್ನು ತೆಳ್ಳಗೆ ಸವರಿ, ಅದು ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತಿ, ಒಂದು ರಾತ್ರಿ ಭಾರ ಹೇರಿಡಿ. ಅಂಟು ಸಡಿಲವಾದದ್ದು ಬಹುಶಃ ಬಿಸಿಲಿನ ಕಾವಿಗೆ. ಮುಂದೆ ನೆನೆದಾಗ ಒಳಹಾಸನ್ನು ತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ತುರುಕಿ, ಫ್ಯಾನಿನ ಕೆಳಗೆ ನೆರಳಿನಲ್ಲಿಡಿ, ಒಂದೆರಡು ಗಂಟೆಗೊಮ್ಮೆ ಹಾಳೆ ಬದಲಾಯಿಸಿ.