ಲೈವ್ ಆಲ್ಬಮಿನಲ್ಲಿ ಗಿಟಾರ್ ತೆಳ್ಳಗೆ ಕೇಳಿಸಿದರೆ ನುಡಿಸಿದ ಹುಡುಗನನ್ನು ಬದಲಿಸಬೇಕೇ?

19 ವರ್ಷದ ಗಿಟಾರಿಸ್ಟ್, ಸಣ್ಣ ಸಭಾಂಗಣದಲ್ಲಿ ಧ್ವನಿಮುದ್ರಿಸಿದ ಲೈವ್ ಆಲ್ಬಂ, ಕೇಳಿದವರಲ್ಲಿ ಅರ್ಧ ಜನ ‘ಹುಡುಗನ ಕೈ ಪಳಗಿಲ್ಲ’ ಎಂದರೆ ಉಳಿದರ್ಧ ಜನ ‘ರೆಕಾರ್ಡಿಂಗೇ ಸರಿಯಿಲ್ಲ’ ಎಂದು ವಾದಿಸುತ್ತಿರುವುದು: ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನಗೆ 2014ರ ಮೇ ತಿಂಗಳು ಕಣ್ಣಮುಂದೆ ಬಂತು. ಅವನ ಗಿಟಾರನ್ನು ಸ್ಟುಡಿಯೋದಲ್ಲಿ ಮತ್ತೊಮ್ಮೆ ನುಡಿಸಿ ಸೇರಿಸುವುದೋ, ಅವನ ಜಾಗಕ್ಕೆ ಅನುಭವಿಯೊಬ್ಬರನ್ನು ತರುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ ಎಂಬುದು ನನ್ನ ಉತ್ತರ. ಕಾರಣ ಹೇಳಬೇಕಾದರೆ ನನ್ನ ಕೈಯಿಂದಲೇ ಆದ ತಪ್ಪನ್ನು ಮೊದಲು ಹೇಳಬೇಕು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ತಂದೆಯವರದು ಮೈಕ್ ಸೆಟ್ಟಿನ ವ್ಯವಹಾರ. ಬಯಲಾಟ, ಬ್ರಹ್ಮಕಲಶ, ಮದುವೆ, ಶಾಲಾ ವಾರ್ಷಿಕೋತ್ಸವ ಎಂದು ಕುಂಬಳೆಯಿಂದ ಮುಳ್ಳೇರಿಯದವರೆಗೆ ಸ್ಪೀಕರ್ ಬಾಕ್ಸುಗಳನ್ನು ಹೊತ್ತು ತಿರುಗಿಯೇ ನಾನು ಈ ಕೆಲಸ ಕಲಿತೆ. ನಮ್ಮ ಸುತ್ತಿನ ನಾಲ್ವರು ಸೇರಿ ಒಂದು ರಾಕ್ ತಂಡ ಕಟ್ಟಿದ್ದರು, ಅವರ ಸೌಂಡ್ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಕಾಸರಗೋಡಿನಿಂದ ಮಂಗಳೂರಿನವರೆಗೆ ಅಭಿಮಾನಿಗಳನ್ನು ಗಳಿಸಿದ್ದ ಅವರ ಮೊದಲ ಗಿಟಾರಿಸ್ಟ್ ಕೆಲಸಕ್ಕೆಂದು ಗಲ್ಫಿಗೆ ಹೋದಾಗ ಅವನ ಜಾಗಕ್ಕೆ ಬಂದವನು ನನ್ನ ಸೋದರತ್ತೆಯ ಮಗ. ಆಗ ತಾನೇ ಪ್ಲಸ್ ಟು ಮುಗಿಸಿದ್ದ ಅವನಿಗೆ 18 ವರ್ಷ. ಮನೆಯ ಹಿಂದಿನ ಅಡಿಕೆ ಅಂಗಳದಲ್ಲಿ ಕುಳಿತು ದಿನಕ್ಕೆ ನಾಲ್ಕೈದು ಗಂಟೆ ಅಭ್ಯಾಸ ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಎಡಗೈಯ ಬೆರಳ ತುದಿಗಳು ಗಟ್ಟಿಕಟ್ಟಿ ಚರ್ಮ ಸುಲಿಯುತ್ತಿತ್ತು.

ಯಕ್ಷಗಾನ ಮೇಳಗಳ ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಗೆ ಒಂದು ವಾರ ಮುಂಚೆ, ಮೇಳಗಳು ಇನ್ನೂ ತಿರುಗಾಟದಲ್ಲಿದ್ದ ದಿನಗಳಲ್ಲಿ, ಶೀಟು ಹೊದೆಸಿದ ಒಂದು ಸಭಾಭವನದಲ್ಲಿ ಕಾರ್ಯಕ್ರಮವಿತ್ತು. ಸುಮಾರು 300 ಪ್ಲಾಸ್ಟಿಕ್ ಕುರ್ಚಿಗಳು, ಅಷ್ಟೂ ತುಂಬಿದ್ದವು. ಹುಡುಗ ಮಂಗಳೂರಿನ ಗೆಳೆಯನೊಬ್ಬನಿಂದ ಗಿಟಾರಿನ ಸದ್ದನ್ನು ವೇದಿಕೆಯಿಂದಲೇ ಹೊರಡಿಸುವ, ಗಾಜಿನ ಕೊಳವೆಗಳಿರುವ ಹಳೆಯ ಬಗೆಯ 50 ವಾಟಿನ ವಾಲ್ವ್ ಆಂಪ್ಲಿಫಯರನ್ನು ಎರವಲು ತಂದಿದ್ದ. ವಾಲ್ವ್ ಆಂಪನ್ನು ಒಂದು ಮಟ್ಟಕ್ಕೆ ಏರಿಸದೆ ಅದರ ನಿಜವಾದ ನಾದ ಹೊರಡುವುದಿಲ್ಲ, ಏರಿಸಿದರೆ ಅಷ್ಟು ಸಣ್ಣ ಸಭಾಭವನಕ್ಕೆ ಅದೊಂದೇ ಸಾಕಾಗುತ್ತದೆ. ಅಂದು ಆದದ್ದು ಅದೇ.

ಎಲ್ಲ ಧ್ವನಿಗಳನ್ನೂ ಬೆರೆಸಿ ಬಾಕ್ಸುಗಳಿಗೆ ಕಳಿಸುವ ನನ್ನ ಮಿಕ್ಸರಿನ ಏಳನೆಯ ಚಾನೆಲ್ ಗಿಟಾರಿನದು. ಅದರ ಸದ್ದನ್ನು ಏರಿಸಿ ಇಳಿಸುವ ಫೇಡರಿನ ಕೆಳಗೆ ಬಿಳಿ ಟೇಪು ಅಂಟಿಸಿ ಮಾರ್ಕರಿನಲ್ಲಿ ಅವನ ಹೆಸರು ಬರೆದಿದ್ದೆ. ಮೊದಲ ಹಾಡು ಶುರುವಾಗಿ ಅರ್ಧ ನಿಮಿಷದಲ್ಲಿ ಗಿಟಾರು ಸಭಾಭವನದ ತುಂಬ ಮೊಳಗುತ್ತಿದ್ದುದರಿಂದ, ಬಾಕ್ಸಿನಲ್ಲಿ ಅದು ಬೇಕಾಗಿಯೇ ಇಲ್ಲವೆಂದು ಆ ಫೇಡರನ್ನು ಬಹುತೇಕ ತಳದವರೆಗೆ ಇಳಿಸಿದೆ. ಸಭೆಯಲ್ಲಿ ಕುಳಿತವರ ಮಟ್ಟಿಗೆ ನಾನು ಮಾಡಿದ್ದು ಸರಿಯೇ. ಆ ರಾತ್ರಿ ಎಲ್ಲರಿಗೂ ಎಲ್ಲವೂ ಚೆನ್ನಾಗಿ ಕೇಳಿಸಿತು. ಆದರೆ ಆಲ್ಬಮಿಗೆಂದು ನಾನು ಧ್ವನಿಮುದ್ರಿಸಿಕೊಳ್ಳುತ್ತಿದ್ದುದು ಅದೇ ಮಿಕ್ಸರಿನ ಮುಖ್ಯ ಔಟ್‌ಪುಟ್ಟನ್ನು, ಎಲ್ಲವೂ ಬೆರೆತ ಎರಡೇ ಟ್ರ್ಯಾಕಿನಲ್ಲಿ, ಒಂದು ಪೆನ್ ಡ್ರೈವಿಗೆ. ಅಂದರೆ ಬಾಕ್ಸುಗಳಿಗೆ ಏನು ಹೋಗುತ್ತಿತ್ತೋ ಅದು ಮಾತ್ರ ಪೆನ್ ಡ್ರೈವಿಗೂ ಹೋಯಿತು. ಸಭೆ ಕೇಳಿದ್ದು ಬಾಕ್ಸು ಮತ್ತು ಆಂಪ್ ಎರಡೂ ಕೂಡಿದ ನಾದವನ್ನು. ಆಂಪು ತಾನಾಗಿ ಎಷ್ಟು ತುಂಬಿಕೊಟ್ಟಿತೋ ಅಷ್ಟನ್ನೂ ನಾನು ಮಿಕ್ಸರಿನಲ್ಲಿ ಕಳೆದಿದ್ದೆ, ಆದ್ದರಿಂದ ಧ್ವನಿಮುದ್ರಣದಲ್ಲಿ ಅಷ್ಟೂ ಕಳೆದೇ ಹೋಗಿತ್ತು. ಸಭಾಭವನ ಸಣ್ಣದಾದಷ್ಟೂ, ಆಂಪ್ ದೊಡ್ಡದಾದಷ್ಟೂ, ಮಿಕ್ಸರಿನಿಂದ ತೆಗೆದ ಧ್ವನಿಮುದ್ರಣದಲ್ಲಿ ಗಿಟಾರು ಕಡಿಮೆಯಾಗುತ್ತದೆ. ಇದೇ ಮಿಕ್ಸರನ್ನು ದೊಡ್ಡ ಮೈದಾನದಲ್ಲಿ ಬಳಸಿದ್ದರೆ ಗಿಟಾರು ಕೂಡ ಬಾಕ್ಸಿನ ಮೂಲಕವೇ ಹೋಗಬೇಕಾಗಿರುತ್ತಿತ್ತು, ಧ್ವನಿಮುದ್ರಣವೂ ನೆಟ್ಟಗೆ ಬರುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಗಿಟಾರು ಸಣ್ಣದಾಗಿಯಾದರೂ ಒಂದೇ ಸಮನೆ ಕೇಳಿಸುತ್ತಿತ್ತು. ಹಾಗಾಗಲಿಲ್ಲ. ಏಳನೆಯ ಚಾನೆಲ್ ಇಳಿದಿದ್ದರೂ ಗಾಯಕನ ಮೈಕಿನೊಳಕ್ಕೆ ಆಂಪಿನ ಶಬ್ದ ದೂರದಿಂದ ನುಗ್ಗುತ್ತಿತ್ತು, ಪೆನ್ ಡ್ರೈವಿಗೆ ಸೇರಿದ್ದ ಗಿಟಾರಿನಲ್ಲಿ ಬಹುಪಾಲು ಅದೇ. ಗಾಯಕ ಮೈಕನ್ನು ಕೈಯಲ್ಲಿ ಹಿಡಿದು ಆಂಪಿನ ಕಡೆಗೆ ನಡೆದಾಗ ಗಿಟಾರು ಉಬ್ಬಿತು, ಆಚೆಗೆ ಸರಿದಾಗ ಸೊರಗಿತು. ಎಲ್ಲಕ್ಕಿಂತ ಕೆಟ್ಟದ್ದು ಹಾಡು ನಿಂತು ಗಿಟಾರು ಮುಂದೆ ಬರುವ ಸೋಲೋಗಳಲ್ಲಿ ಆದದ್ದು. ಗಾಯಕ ಹಾಡದಿರುವಾಗ ಅವನ ಮೈಕನ್ನು ಇಳಿಸುವುದು, ಬಾಕ್ಸುಗಳಲ್ಲಿ ಕೂಗು ಏಳದಂತೆ ನೋಡಿಕೊಳ್ಳುವುದು ಮೈಕ್ ಸೆಟ್ಟಿನವರಿಗೆ ರೂಢಿಯಾದ ಕೆಲಸ. ಹುಡುಗ ಸೋಲೋ ಎತ್ತಿಕೊಂಡ ಪ್ರತಿಸಲವೂ ನಾನು ಗಾಯಕನ ಮೈಕನ್ನು ಇಳಿಸಿದೆ. ಇಳಿಸಿದ ಕ್ಷಣದಲ್ಲೇ ಧ್ವನಿಮುದ್ರಣದಲ್ಲಿ ಉಳಿದಿದ್ದ ಅಷ್ಟಿಷ್ಟು ಗಿಟಾರೂ ಮಾಯವಾಯಿತು. ಅವನು ಅತ್ಯುತ್ತಮವಾಗಿ ನುಡಿಸಿದ ಜಾಗಗಳಲ್ಲೇ ಅವನು ಇಲ್ಲದಂತಾದ. ಹೆಡ್‌ಫೋನ್ ನನ್ನ ಕೊರಳಲ್ಲೇ ನೇತಾಡುತ್ತಿತ್ತು. ಎರಡು ಗಂಟೆಗಳಲ್ಲಿ ಒಂದು ಸಲ ಕಿವಿಗಿಟ್ಟು ಪೆನ್ ಡ್ರೈವಿಗೆ ಏನು ಹೋಗುತ್ತಿದೆ ಎಂದು ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ.

ಬಯಲಾಟಕ್ಕೆ ಮೈಕ್ ಕಟ್ಟಿದವನಿಗೆ ಇದು ತಿಳಿದಿರಬೇಕಿತ್ತು. ಭಾಗವತರಿಗೆ ಮೈಕ್ ಬೇಕು, ಮದ್ದಳೆಗೂ ಬೇಕು; ಚೆಂಡೆಗೆ ಹೆಚ್ಚಾಗಿ ಬೇಕಾಗುವುದಿಲ್ಲ, ಅದು ತಾನಾಗಿ ಊರಿಗೆಲ್ಲ ಕೇಳುತ್ತದೆ. ಮಿಕ್ಸರಿನಿಂದ ಮಾತ್ರ ಧ್ವನಿಮುದ್ರಿಸಿಕೊಂಡು ‘ಇವತ್ತಿನ ಚೆಂಡೆ ಸಪ್ಪೆ’ ಎಂದು ನಮ್ಮ ಕಡೆ ಯಾರೂ ತೀರ್ಪು ಕೊಡುವುದಿಲ್ಲ. ಗಿಟಾರಿನ ವಿಷಯದಲ್ಲಿ ಆ ತೀರ್ಪು ಬರುವಂತೆ ಮಾಡಿದವನು ನಾನು.

ಮನೆಗೆ ಬಂದು ಕೇಳಿದಾಗ ಎದೆ ಧಸಕ್ಕೆಂದಿತು. ಸರಿಪಡಿಸುತ್ತೇನೆಂದು, ಧ್ವನಿಯ ಬೇರೆ ಬೇರೆ ಕಂಪನಾಂಕಗಳನ್ನು ಏರಿಸಿ ಇಳಿಸುವ ಈಕ್ವಲೈಸರಿನಲ್ಲಿ 3 ಕಿಲೋಹರ್ಟ್ಸಿನ ಸುತ್ತಮುತ್ತ ಏರಿಸಿದೆ. ಗಿಟಾರಿನ ಜೊತೆ ಸಿಂಬಲ್ಲುಗಳೂ ಗಾಯಕನ ‘ಸ’ಕಾರಗಳೂ ಎದ್ದು ಬಂದು ಕಿವಿ ಚುಚ್ಚತೊಡಗಿದವು. ಬೇರೆ ಆಲ್ಬಮುಗಳಷ್ಟೇ ಜೋರಾಗಿರಲಿ ಎಂದು ಸದ್ದು ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕಿ ಒತ್ತಿದೆ. ಅಲೆಗಳ ತುದಿಗಳೆಲ್ಲ ಚಪ್ಪಟೆಯಾಗಿ, ಗಿಟಾರು ಬಾಟಲಿಯೊಳಗೆ ಸಿಕ್ಕಿದ ಸೊಳ್ಳೆಯ ಹಾಗಾಯಿತು. ಹಾಗೆಯೇ ಬಿಡುಗಡೆ ಮಾಡಿದೆವು.

ವಾದ ಶುರುವಾಗಲು ಎರಡು ದಿನ ಸಾಕಾಯಿತು. ಹಳೆಯ ಗಿಟಾರಿಸ್ಟನ ಅಭಿಮಾನಿಗಳು ಹುಡುಗನಿಗೆ ವೇಗವಿದೆ, ನಾದವಿಲ್ಲ ಎಂದರು. ಹಿಡಿತ ಸಾಲದು, ಒಮ್ಮೆ ಜೋರು ಒಮ್ಮೆ ಮೆತ್ತಗೆ ನುಡಿಸುತ್ತಾನೆ ಎಂದರು. ಆ ಏರಿಳಿತ ಗಾಯಕನ ನಡಿಗೆಯದು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಮುದ್ರಣ ಕೆಟ್ಟದ್ದು ಎಂದು ವಾದಿಸಿದವರ ಬಳಿ ಪುರಾವೆಯಿರಲಿಲ್ಲ. ಪುರಾವೆಯಿದ್ದ ನಾನು ಬಾಯಿ ಬಿಡಲಿಲ್ಲ. ತಂದೆಯವರ ವ್ಯವಹಾರಕ್ಕೆ ಕೆಟ್ಟ ಹೆಸರು ಬಂದೀತೆಂದು ಸುಮ್ಮನಿದ್ದೆ. ಒಂದು ಸಂಜೆ ಹುಡುಗ ಮನೆಗೆ ಬಂದು, ಮೊಬೈಲಿನಲ್ಲಿ ಮೂರನೆಯ ಹಾಡಿನ ಸೋಲೋವನ್ನು ಹಾಕಿ, “ಭಾವ, ಆನು ಬಾರ್ಸಿದ್ದು ಹೀಂಗೆಯಾ?” ಎಂದು ನಮ್ಮ ಹವ್ಯಕ ಮಾತಿನಲ್ಲಿ ಕೇಳಿದ. ಆಗಲೂ ನಾನು ಸ್ಪಷ್ಟವಾಗಿ ಉತ್ತರ ಕೊಡಲಿಲ್ಲ. ಜೂನಿನಲ್ಲಿ ಅವನು ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ. ಗಿಟಾರನ್ನು ಮನೆಯ ಅಟ್ಟದ ಮೇಲಿಟ್ಟು ಹೋದ.

ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದ ಮಾತೊಂದಿದೆ. ‘ಹುಡುಗನ ತಪ್ಪೋ, ಧ್ವನಿಯ ತಪ್ಪೋ’ ಎಂದು ಎರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದೀರಿ. ಗಿಟಾರು ಸರಿಯಾಗಿ ದಾಖಲಾಗಿದೆಯೆಂದು ಖಚಿತವಾಗುವವರೆಗೆ ಹುಡುಗನ ಬಗ್ಗೆ ಮಾತನಾಡಲು ನಿಮ್ಮ ಕೈಯಲ್ಲಿ ಆಧಾರವೇ ಇಲ್ಲ. 1970ರ ಫೆಬ್ರವರಿ 14ರಂದು ಇಂಗ್ಲೆಂಡಿನ ‘ದಿ ಹೂ’ ರಾಕ್ ತಂಡ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ನುಡಿಸಿದ್ದು ಹೆಸರಾಂತ ಲೈವ್ ಆಲ್ಬಮಾಯಿತು. ಮರುದಿನ ಹಲ್ ನಗರದಲ್ಲಿ ಅವರು ನುಡಿಸಿದ್ದರ ಟೇಪಿನಲ್ಲಿ ಮೊದಲ ಕೆಲವು ಹಾಡುಗಳಿಗೆ ಬೇಸ್ ಗಿಟಾರೇ ದಾಖಲಾಗಿರಲಿಲ್ಲ. 40 ವರ್ಷಗಳ ಬಳಿಕ, 2010ರಲ್ಲಿ, ಲೀಡ್ಸಿನ ಬೇಸನ್ನು ಅಲ್ಲಿಗೆ ಜೋಡಿಸಿ ಹೊರತಂದರು. ಆ ಟೇಪನ್ನು ಮಾತ್ರ ಕೇಳಿದವರು ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಅವರ ಕೈಯ ಬಗ್ಗೆ ಏನು ಹೇಳಲು ಸಾಧ್ಯವಿತ್ತು? 1972ರ ಆಗಸ್ಟಿನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ ‘ಡೀಪ್ ಪರ್ಪಲ್’ ತಂಡವನ್ನು ಸೌಂಡ್ ಇಂಜಿನಿಯರ್ ಮಾರ್ಟಿನ್ ಬರ್ಚ್ 8 ಟ್ರ್ಯಾಕಿನ ಯಂತ್ರದಲ್ಲಿ ಹಿಡಿದರು. ಗಿಟಾರು ಒಂದು ಸ್ಪೀಕರಿನಲ್ಲಿ, ಆರ್ಗನ್ ಇನ್ನೊಂದರಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಆ ಆಲ್ಬಮನ್ನು ಕೇಳಿ ಗಿಟಾರಿಸ್ಟ್ ರಿಚೀ ಬ್ಲ್ಯಾಕ್‌ಮೋರ್ ಅವರನ್ನು ಮೆಚ್ಚಬಹುದು, ತೆಗಳಲೂಬಹುದು. ಎರಡಕ್ಕೂ ಅಲ್ಲಿ ಆಧಾರವಿದೆ.

ವಯಸ್ಸಿನ ಮಾತನ್ನಂತೂ ಬಿಟ್ಟುಬಿಡಿ. 1969ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ‘ರೋಲಿಂಗ್ ಸ್ಟೋನ್ಸ್’ ತಂಡದ ಲೈವ್ ಆಲ್ಬಮಿಗೆ ನುಡಿಸಿದಾಗ ಗಿಟಾರಿಸ್ಟ್ ಮಿಕ್ ಟೇಲರ್‌ಗೆ 20 ವರ್ಷ. ಅವನೂ ಅಭಿಮಾನಿಗಳ ಪ್ರೀತಿಯ ಬ್ರಯಾನ್ ಜೋನ್ಸ್‌ನ ಜಾಗಕ್ಕೆ ಬಂದವನೇ.

ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಸೇರಿಸುವುದು ಹೊಸದೇನಲ್ಲ. ‘ಥಿನ್ ಲಿಜಿ’ ತಂಡದ 1978ರ ಲೈವ್ ಆಲ್ಬಮಿನಲ್ಲಿ ಬಹುಪಾಲು ಸ್ಟುಡಿಯೋದಲ್ಲಿ ಮಾಡಿದ್ದೆಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದ್ದನ್ನು ತಂಡದವರು ಒಪ್ಪಲಿಲ್ಲ, ಅಭಿಮಾನಿಗಳು ಇಂದಿಗೂ ಆ ವಾದ ಬಿಟ್ಟಿಲ್ಲ. ನಿಮ್ಮ ಹುಡುಗನ ವಿಷಯದಲ್ಲಿ ನಾನು ಅದನ್ನು ಖಂಡಿತ ವಿರೋಧಿಸುತ್ತೇನೆ. ಇಷ್ಟು ವಾದ ನಡೆದ ಮೇಲೆ ಅವನ ಗಿಟಾರನ್ನೊಂದೇ ಬದಲಿಸಿದರೆ ಅವನ ಕೈ ಸರಿಯಿರಲಿಲ್ಲ ಎಂಬುದಕ್ಕೆ ತಂಡವೇ ಸಹಿ ಹಾಕಿದಂತೆ. ಅವನೂ ಹಾಗೆಯೇ ತಿಳಿಯುತ್ತಾನೆ.

ನಮ್ಮ ಕಥೆಗೆ ಮೂರು ವರ್ಷಗಳ ಬಳಿಕ ಇನ್ನೊಂದು ತುಣುಕು ಸೇರಿತು. ಆ ರಾತ್ರಿ ಐದನೆಯ ಸಾಲಿನಲ್ಲಿ ಕುಳಿತಿದ್ದ ನೀರ್ಚಾಲಿನ ಒಬ್ಬರ ಹಳೆಯ ಮೊಬೈಲಿನಲ್ಲಿ ನಾಲ್ಕು ಹಾಡುಗಳು ಸಿಕ್ಕಿದವು. ಜನರ ಕೆಮ್ಮು, ಕುರ್ಚಿ ಎಳೆದ ಸದ್ದು, ಶೀಟಿನ ಮಾರ್ದನಿ ಎಲ್ಲವೂ ಇದ್ದವು. ಅವುಗಳ ನಡುವೆ ಗಿಟಾರು ದಪ್ಪಗೆ, ತುಂಬಿಕೊಂಡು, ಒಂದೇ ಹಿಡಿತದಲ್ಲಿ ನಿಂತಿತ್ತು. ಅದನ್ನು ನನ್ನ ಎರಡು ಟ್ರ್ಯಾಕಿನ ಜೊತೆ ಕೂಡಿಸಲು ಒಂದು ವಾರ ಕುಳಿತೆ. ಐದನೆಯ ಸಾಲು ವೇದಿಕೆಯಿಂದ ಸುಮಾರು 10 ಮೀಟರ್. ಮೇ ತಿಂಗಳ ಸೆಕೆಯಲ್ಲಿ ಶಬ್ದ ಅಷ್ಟು ದೂರ ಹೋಗಲು ಸುಮಾರು 28 ಮಿಲಿಸೆಕೆಂಡ್ ಹಿಡಿಯುತ್ತದೆ, ಮೊದಲು ಅಷ್ಟನ್ನು ಹಿಂದಕ್ಕೆ ಸರಿಸಬೇಕು. ಮೊಬೈಲಿನ ಗಡಿಯಾರವೂ ಮಿಕ್ಸರಿನ ಗಡಿಯಾರವೂ ಒಂದೇ ವೇಗದಲ್ಲಿ ಓಡುವುದಿಲ್ಲವಾದ್ದರಿಂದ ಒಂದೊಂದು ಹಾಡನ್ನೂ ಬೇರೆಯಾಗಿ ಕತ್ತರಿಸಿ, ಸ್ನೇರ್ ಡ್ರಮ್ಮಿನ ಹೊಡೆತಕ್ಕೆ ಹೊಡೆತ ಹೊಂದಿಸಿ ಕೂರಿಸಬೇಕು. ಕೂರಿಸಿದ ನಾಲ್ಕು ಹಾಡುಗಳನ್ನು ಹುಡುಗನಿಗೆ ಕಳಿಸಿ, ಫೇಡರಿನ ಸಂಗತಿಯನ್ನೂ ನನ್ನ ಮೌನವನ್ನೂ ಮುಚ್ಚುಮರೆಯಿಲ್ಲದೆ ಬರೆದೆ. ಎರಡು ದಿನ ಉತ್ತರವಿರಲಿಲ್ಲ. ಆಮೇಲೆ ಫೋನ್ ಮಾಡಿ ಮೊಬೈಲ್ ಇಟ್ಟುಕೊಂಡವರು ಯಾವ ಬದಿಯಲ್ಲಿ ಕುಳಿತಿದ್ದರು ಎಂದಷ್ಟೇ ವಿಚಾರಿಸಿದ. ತಂಡಕ್ಕೆ ಅವನು ಮರಳಲಿಲ್ಲ.

ಆದ್ದರಿಂದ ನಿಮ್ಮ ಕಾರ್ಯಕ್ರಮಕ್ಕೆ ಬಂದವರಲ್ಲಿ ಯಾರು ಯಾರು ಮೊಬೈಲಿನಲ್ಲಿ ಹಿಡಿದಿದ್ದಾರೆಂದು ಕೇಳಿ ಎಲ್ಲವನ್ನೂ ತರಿಸಿಕೊಳ್ಳಿ, ಯಾವುದೂ ಕಳಪೆಯೆಂದು ಬಿಡಬೇಡಿ. ಹೊಸದಾಗಿ ಮಿಕ್ಸ್ ಮಾಡುವಾಗ ಜೋರು ಮಾಡುವ ಆಸೆಗೆ ಬೀಳಬೇಡಿ. ಸ್ಪಾಟಿಫೈಯಂಥ ಸೇವೆಗಳು ಎಲ್ಲ ಹಾಡುಗಳನ್ನೂ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತರುವುದರಿಂದ, ಒತ್ತಿ ಚಪ್ಪಟೆ ಮಾಡಿದ್ದು ಅಲ್ಲಿ ಜೋರಾಗಿಯೂ ಕೇಳಿಸುವುದಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಪ್ರತಿ ಚಾನೆಲ್ಲನ್ನೂ ಫೇಡರಿಗೆ ಮುಂಚಿನ ಹಂತದಲ್ಲೇ ಬಿಡಿಯಾಗಿ, 24 ಬಿಟ್ಟಿನಲ್ಲಿ, ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ಜೊತೆಗೆ ಜನರ ನಡುವೆ ಎರಡು ಮೈಕುಗಳನ್ನು ನಿಲ್ಲಿಸಿ. ಮುಗಿದ ರಾತ್ರಿಯೇ ಎಲ್ಲರೂ ಕುಳಿತು ಕೇಳಿ. 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ನುಡಿಸುತ್ತಿದ್ದಾಗ ಆಲ್ಮನ್ ಬ್ರದರ್ಸ್ ತಂಡದವರು ನಿರ್ಮಾಪಕ ಟಾಮ್ ಡೌಡ್ ಜೊತೆ ಅಂದಂದಿನ ಟೇಪನ್ನು ಅಂದಂದೇ ಕೇಳುತ್ತಿದ್ದರು.

ಅದಕ್ಕೂ ಮೊದಲು, ಇವತ್ತೇ, ನಿಮ್ಮ ಸೌಂಡ್ ಮಾಡಿದವರಿಗೆ ಫೋನ್ ಮಾಡಿ. ಅವರು ಎರಡೇ ಟ್ರ್ಯಾಕಿನಲ್ಲಿ ಹಿಡಿದದ್ದೋ, ಬಿಡಿ ಚಾನೆಲ್ಲುಗಳೂ ಇವೆಯೋ ಎಂದು ಕೇಳಿ. ಬಿಡಿ ಚಾನೆಲ್ಲುಗಳಿದ್ದರೆ ಅಳಿಸಬೇಡಿ ಎಂದು ಹೇಳಿ, ಗಿಟಾರಿನ ಚಾನೆಲ್ಲೊಂದನ್ನೇ ಹುಡುಗನ ಕಿವಿಗೆ ಮೊದಲು ಹಾಕಿ.